ಕೀಬೋರ್ಡ್ ಹಂಚುವುದು ಬೇರೆ, ಪರದೆ ಹಂಚುವುದು ಬೇರೆ

(ಬೆಂಗಳೂರಿನಲ್ಲಿ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ತುಂಬಾ ಜನರ ಮನೆಯಲ್ಲಿ ಎರಡು ಕಂಪ್ಯೂಟರ್ ಇರುತ್ತವೆ. ಒಂದು ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್, ಇನ್ನೊಂದು ಸ್ವಂತದ್ದು. ಕೆಲವರ ಹತ್ತಿರ ಮೂಲೆಯಲ್ಲೊಂದು ಹಳೇ ಡೆಸ್ಕ್‌ಟಾಪೋ ರಾಸ್ಪ್‌ಬೆರಿ ಪೈಯೋ ಇರುತ್ತದೆ. ಮೇಜು ಮಾತ್ರ ಒಂದೇ. ಅದರ ಮೇಲೆ ಎರಡು ಕೀಬೋರ್ಡ್, ಎರಡು ಮೌಸ್ ಇಟ್ಟುಕೊಂಡರೆ ಕಾಫಿ ಲೋಟ ಇಡೋಕೂ ಜಾಗ ಇರಲ್ಲ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಯಾವ ಕೆವಿಎಂ ಸ್ವಿಚ್ ತಗೊಳ್ಳಲಿ ಸರ್?"

ಕೆವಿಎಂ ಅಂದರೆ ಒಂದೇ ಕೀಬೋರ್ಡ್, ಪರದೆ, ಮೌಸನ್ನು ಹಲವು ಕಂಪ್ಯೂಟರುಗಳ ನಡುವೆ ಬದಲಿಸುವ ಡಬ್ಬಿ. ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಹಂಚಬೇಕಾಗಿರುವುದು ಕೀಬೋರ್ಡ್ ಮತ್ತು ಮೌಸನ್ನಾ, ಪರದೆಯನ್ನಾ, ಎರಡನ್ನೂನಾ? ನೋಡೋಕೆ ಇದು ಒಂದೇ ಕೆಲಸದ ಥರ ಕಾಣುತ್ತದೆ. ಒಳಗೆ ಇಣುಕಿದರೆ ಎರಡು ಬೇರೆಬೇರೆ ಕೆಲಸ. ಒಂದು ತುಂಬಾ ಸುಲಭ, ಇನ್ನೊಂದು ನಿಜವಾಗಲೂ ಕಷ್ಟ. ಎರಡನ್ನೂ ಒಂದೇ ಡಬ್ಬಿಯ ತಲೆಗೆ ಕಟ್ಟಿದಾಗಲೇ ದುಡ್ಡೂ ಹೋಗುತ್ತದೆ, ನೆಮ್ಮದಿಯೂ ಹೋಗುತ್ತದೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದೇ ಅದನ್ನು.

ಕೀಬೋರ್ಡಿನಿಂದ ಶುರು ಮಾಡೋಣ. ಒಂದು ಸಾದಾ ಯುಎಸ್‌ಬಿ ಕೀಬೋರ್ಡಿನಲ್ಲಿ ಡಿ ಕೀ ಒತ್ತಿದಿರಿ ಅಂದುಕೊಳ್ಳಿ. ತಂತಿಯಲ್ಲಿ ಕಂಪ್ಯೂಟರಿಗೆ ಹೋಗುವುದು ಬರೀ ಎಂಟು ಬೈಟ್. ಮೊದಲನೆಯ ಬೈಟಿನಲ್ಲಿ ಶಿಫ್ಟ್, ಕಂಟ್ರೋಲ್, ಆಲ್ಟ್ ಥರದ ಕೀಗಳಲ್ಲಿ ಯಾವುದು ಒತ್ತಿದೆ ಅನ್ನುವ ಮಾಹಿತಿ. ಎರಡನೆಯದು ಖಾಲಿ. ಉಳಿದ ಆರು ಬೈಟುಗಳಲ್ಲಿ ಆ ಕ್ಷಣಕ್ಕೆ ಒತ್ತಿ ಹಿಡಿದಿರುವ ಕೀಗಳ ನಂಬರು. ಡಿ ಕೀಯ ನಂಬರು 7. ಹಾಗಾಗಿ ಹೋಗುವುದು 00 00 07 00 00 00 00 00. ಬೆರಳು ಎತ್ತಿದ ಕೂಡಲೇ ಎಂಟೂ ಸೊನ್ನೆ. ಅಷ್ಟೇ.

ಇಲ್ಲಿ ಅಕ್ಷರವೇ ಇಲ್ಲ ಅನ್ನುವುದನ್ನು ಗಮನಿಸಿ. ಏಳನೇ ನಂಬರಿನ ಕೀ ಒತ್ತಿದರು ಅಂತ ಮಾತ್ರ ಕೀಬೋರ್ಡ್ ಹೇಳುತ್ತದೆ. ಅದನ್ನು ಯಾವ ಅಕ್ಷರ ಮಾಡಬೇಕು ಅನ್ನುವುದು ಕಂಪ್ಯೂಟರಿಗೆ ಬಿಟ್ಟದ್ದು. ಒಂದು ಯಂತ್ರದಲ್ಲಿ ನೀವು ಇನ್‌ಸ್ಕ್ರಿಪ್ಟ್ ಅನ್ನುವ ಕೀ ವಿನ್ಯಾಸ ಇಟ್ಟುಕೊಂಡಿದ್ದರೆ ಆ 7 ಹಲಂತ ಚಿಹ್ನೆ ಆಗುತ್ತದೆ. ಇನ್ನೊಂದರಲ್ಲಿ ನುಡಿ ಅನ್ನುವ ಕನ್ನಡ ತಂತ್ರಾಂಶದ ಕೆಜಿಪಿ ವಿನ್ಯಾಸ ಇದ್ದರೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಅದೇ 7 'ದ' ಆಗುತ್ತದೆ. ಕೀಬೋರ್ಡಿಗೆ ಎರಡರಲ್ಲಿ ಯಾವುದರ ಸುದ್ದಿಯೂ ಗೊತ್ತಿಲ್ಲ. ಈ ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇಂಥ ಕೀಬೋರ್ಡಿಗೆ ಯುಎಸ್‌ಬಿಯ ಅತಿ ನಿಧಾನದ ದಾರಿಯೇ ಸಾಕು. ಸೆಕೆಂಡಿಗೆ 15 ಲಕ್ಷ ಬಿಟ್. ಈಗ ಪರದೆಯ ಲೆಕ್ಕ ನೋಡಿ. 4ಕೆ ಮಾನಿಟರಿಗೆ ಸೆಕೆಂಡಿಗೆ 60 ಚಿತ್ರ ಕಳಿಸಬೇಕಾದರೆ ಎಚ್‌ಡಿಎಂಐ ತಂತಿಯಲ್ಲಿ ಸುಮಾರು 1,782 ಕೋಟಿ ಬಿಟ್ ಹರಿಯಬೇಕು. ಹತ್ತಿರ ಹತ್ತಿರ 12 ಸಾವಿರ ಪಟ್ಟು. ಮೊದಲನೆಯದನ್ನು ಒಂದು ಪುಟ್ಟ ಗುಂಡಿಯಿಂದ ಅತ್ತ ಇತ್ತ ತಿರುಗಿಸಬಹುದು. ಎರಡನೆಯದು ಹಾದು ಹೋಗುವ ದಾರಿಯಲ್ಲಿ ಒಂದು ಅಗ್ಗದ ಚಿಪ್ ಸಿಕ್ಕಿದರೂ ಸಾಕು, ಪರದೆ ಮಿನುಗುತ್ತದೆ, ಇಲ್ಲಾ ಕಪ್ಪಾಗುತ್ತದೆ.

ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೆವಿಎಂ ಕೊಳ್ಳುವವರು ಡಬ್ಬಿಯ ಮೇಲೆ '4ಕೆ' ಅಂತ ಬರೆದಿರುವುದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ. ಅದರ ಪಕ್ಕದಲ್ಲಿರುವ ಇನ್ನೊಂದು ಸಂಖ್ಯೆಯನ್ನೂ ಓದಿ. 2009ರ ಎಚ್‌ಡಿಎಂಐ 1.4 ಆದರೆ 4ಕೆಯಲ್ಲಿ ಸೆಕೆಂಡಿಗೆ 30 ಚಿತ್ರಕ್ಕೇ ನಿಲ್ಲುತ್ತದೆ. 60 ಬೇಕಾದರೆ 2013ರ ಎಚ್‌ಡಿಎಂಐ 2.0 ಬೇಕು. ಮೂವತ್ತರಲ್ಲಿ ಮೌಸ್ ಬಾಣ ಎಳೆದೆಳೆದು ಬಂದ ಹಾಗೆ ಕಾಣುತ್ತದೆ. ದಿನಪೂರ್ತಿ ಅದನ್ನು ನೋಡಿಕೊಂಡು ಕೆಲಸ ಮಾಡುವುದು ಕಣ್ಣಿಗೆ ಹಿಂಸೆ.

ವೇಗ ಸಾಕಷ್ಟಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ನನ್ನ ಪ್ರಕಾರ ಜನರಿಗೆ ಅತಿ ಜಾಸ್ತಿ ಬೇಸರ ತರಿಸುವುದು ಇದೇ. ಪ್ರತಿ ಮಾನಿಟರಿನೊಳಗೂ 128 ಬೈಟಿನ ಒಂದು ಸಣ್ಣ ಪರಿಚಯ ಪತ್ರ ಇರುತ್ತದೆ. ಇಡಿಐಡಿ ಅಂತ ಅದರ ಹೆಸರು. ಮಾಡಿದವರು ಯಾರು, ಪರದೆಯ ಅಳತೆ ಎಷ್ಟು, ಯಾವ ರೆಸಲ್ಯೂಶನ್ ನಡೆಯುತ್ತದೆ, ಯಾವ ವರ್ಷ ತಯಾರಾಯಿತು, ಎಲ್ಲ ಅದರಲ್ಲಿದೆ. ಹೊಸ ಮಾದರಿಗಳಲ್ಲಿ ಇದಕ್ಕೆ ಇನ್ನಷ್ಟು ಪುಟ ಸೇರಿರುತ್ತದೆ. ತಂತಿ ಚುಚ್ಚಿದ ಕೂಡಲೇ ಕಂಪ್ಯೂಟರ್ ಅದನ್ನು ಓದಿಕೊಂಡು ಅದಕ್ಕೆ ತಕ್ಕ ಚಿತ್ರ ಕಳಿಸುತ್ತದೆ. ಮಾನಿಟರ್ ಇದೆಯೋ ಇಲ್ಲವೋ ಅಂತ ತಿಳಿಯೋಕೆ ಎಚ್‌ಡಿಎಂಐ ತಂತಿಯಲ್ಲಿ 19ನೇ ಪಿನ್ ಅಂತ ಒಂದಿದೆ.

ಸಾಮಾನ್ಯ ಕೆವಿಎಂ ಡಬ್ಬಿಯಲ್ಲಿ ಗುಂಡಿ ಒತ್ತಿ ಇನ್ನೊಂದು ಕಂಪ್ಯೂಟರಿಗೆ ಹೋದಿರಿ ಅನ್ನಿ. ಮೊದಲನೇ ಕಂಪ್ಯೂಟರಿಗೆ ಆ 19ನೇ ಪಿನ್ ಸತ್ತ ಹಾಗೆ ಕಾಣುತ್ತದೆ. ಮಾನಿಟರ್ ಕಿತ್ತುಕೊಂಡು ಹೋದರು ಅಂತ ಅದು ತಿಳಿಯುತ್ತದೆ. ತಕ್ಷಣ ತೆರೆದಿಟ್ಟ ಕಿಟಕಿಗಳನ್ನೆಲ್ಲ ಲ್ಯಾಪ್‌ಟಾಪಿನ ಪುಟ್ಟ ಪರದೆಗೆ ತುರುಕುತ್ತದೆ. ನೀವು ವಾಪಸ್ ಬಂದಾಗ ಬ್ರೌಸರ್ ಒಂದು ಕಡೆ, ಎಕ್ಸೆಲ್ ಇನ್ನೊಂದು ಕಡೆ. ದಿನಕ್ಕೆ ಎಷ್ಟೋ ಸಲ ಹೀಗಾದರೆ ಯಾರಿಗೆ ತಾಳ್ಮೆ ಇರುತ್ತೆ? ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ, ಮಾನಿಟರ್ ಮತ್ತೆ ಬಂದಾಗ ಕಿಟಕಿಗಳನ್ನು ಇದ್ದ ಜಾಗಕ್ಕೇ ತರುವ ಆಯ್ಕೆ ಇದೆ. ಅದನ್ನು ಆನ್ ಮಾಡಿಡಿ. ಒಳ್ಳೆಯ ಕೆವಿಎಂಗಳು ತಾವೇ ಒಂದು ಇಡಿಐಡಿ ಇಟ್ಟುಕೊಂಡು, ನೀವು ಬೇರೆ ಕಡೆ ಹೋದಾಗಲೂ ಕಂಪ್ಯೂಟರಿಗೆ ಮಾನಿಟರ್ ಇದೆ ಅಂತಲೇ ತೋರಿಸುತ್ತವೆ. ಆ ಸೌಲಭ್ಯ ಇದೆಯಾ ಅಂತ ಕೇಳಿ ಕೊಳ್ಳಿ. ಅದಕ್ಕೇ ಅವುಗಳ ಬೆಲೆ ಜಾಸ್ತಿ.

ಹಾಗಾದರೆ ಎರಡನ್ನೂ ಒಂದೇ ಡಬ್ಬಿಗೆ ಹಾಕುವ ಯೋಚನೆ ಎಲ್ಲಿಂದ ಬಂತು? ಸರ್ವರ್ ಕೋಣೆಗಳಿಂದ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳ ಜೊತೆ ಆ ಗುಂಡನೆಯ ಕೀಬೋರ್ಡ್ ಪಿನ್ನನ್ನೂ ಪರದೆಗೆ ವಿಜಿಎಯನ್ನೂ ತಂದಿತು. ಮುಂದೆ ಒಂದೊಂದು ರ‍್ಯಾಕಿನಲ್ಲಿ ಹತ್ತಾರು ಯಂತ್ರ ಕೂತವು. ಪ್ರತಿಯೊಂದಕ್ಕೂ ಮಾನಿಟರ್ ಇಡೋಕಾಗಲ್ಲ ಅಲ್ವಾ? ಆದರೆ ಕೀಬೋರ್ಡ್ ತೆಗೆದಿಟ್ಟರೂ ಕಷ್ಟ. ಕರೆಂಟ್ ಹೋಗಿ ಬಂದಾಗ ಯಂತ್ರ ಏಳುತ್ತಾ ಕೀಬೋರ್ಡ್ ಹುಡುಕುತ್ತದೆ. ಸಿಗದಿದ್ದರೆ 'ಕೀಬೋರ್ಡ್ ಇಲ್ಲ, ಮುಂದುವರಿಯಲು ಎಫ್1 ಒತ್ತಿ' ಅಂತ ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಕೆವಿಎಂ ಬರೀ ಸ್ವಿಚ್ ಆಗಿದ್ದರೆ ಸಾಲುತ್ತಿರಲಿಲ್ಲ. ತನಗೆ ಜೋಡಿಸಿದ ಪ್ರತಿ ಯಂತ್ರಕ್ಕೂ 'ನಾನೇ ನಿನ್ನ ಕೀಬೋರ್ಡ್' ಅಂತ ಸದಾ ಉತ್ತರ ಕೊಡುತ್ತಾ ಇರಬೇಕಿತ್ತು. ಅಪೆಕ್ಸ್ ಮತ್ತು ಸೈಬೆಕ್ಸ್ ಅನ್ನುವ ಎರಡು ಅಮೆರಿಕನ್ ಕಂಪನಿಗಳು ಇದರಲ್ಲಿ ಹೆಸರು ಮಾಡಿದವು. 2000ದಲ್ಲಿ ಎರಡೂ ಸೇರಿ ಅವೋಸೆಂಟ್ ಆಯಿತು. ಆ ಕೋಣೆಗಳಲ್ಲಿ ಪರದೆ ಅಂದರೆ ಬರೀ ಅಕ್ಷರ ಓದೋಕೆ. ಅಷ್ಟಕ್ಕೆ ಆ ಡಬ್ಬಿ ಅಚ್ಚುಕಟ್ಟಾಗಿತ್ತು. ನಾವು ಅದೇ ಡಬ್ಬಿಯನ್ನು ಮನೆಗೆ ತಂದು, 4ಕೆ ಪರದೆ ಕಟ್ಟಿ, ಸಿನಿಮಾನೂ ನೋಡ್ತೀವಿ ಅಂದಾಗ ತೊಂದರೆ ಶುರುವಾಯಿತು.

ನನ್ನ ಸಲಹೆ ಸರಳ. ಪರದೆಯನ್ನು ಡಬ್ಬಿಯೊಳಗೆ ಹಾಯಿಸಲೇಬೇಡಿ.

ನಿಮ್ಮ ಮಾನಿಟರಿನ ಹಿಂದೆ ನೋಡಿ. ಸಾಮಾನ್ಯವಾಗಿ ಎರಡು ಮೂರು ಇನ್‌ಪುಟ್ ಇರುತ್ತವೆ. ಎರಡೂ ಕಂಪ್ಯೂಟರಿನಿಂದ ನೇರವಾಗಿ ಒಂದೊಂದು ತಂತಿ ಅಲ್ಲಿಗೇ ಹಾಕಿ. ಕೀಬೋರ್ಡ್ ಮತ್ತು ಮೌಸಿಗೆ ಮಾತ್ರ ಒಂದು ಸಾದಾ ಯುಎಸ್‌ಬಿ ಸ್ವಿಚ್ ತಗೊಳ್ಳಿ. ಒಳ್ಳೆಯ ಕೆವಿಎಂ ಬೆಲೆಯ ಒಂದು ಚೂರಿಗೆ ಅದು ಸಿಗುತ್ತದೆ.

"ಹಾಗಾದರೆ ಪ್ರತಿ ಸಲ ಮಾನಿಟರಿನ ಕೆಳಗೆ ಕೈ ಹಾಕಿ ಗುಂಡಿ ತಡಕಾಡಬೇಕಲ್ಲ?" ಅಂತ ಕೇಳುತ್ತೀರಿ. ಬೇಡ. ಡಿಡಿಸಿ ಅನ್ನುವ ವ್ಯವಸ್ಥೆಯ ಮೂಲಕ ಕಂಪ್ಯೂಟರೇ ಮಾನಿಟರಿಗೆ ಆಜ್ಞೆ ಕೊಡಬಹುದು. ಬೆಳಕು ಏರಿಸು, ಇಳಿಸು ಅನ್ನುವ ಹಾಗೆ ಇನ್‌ಪುಟ್ ಬದಲಿಸು ಅಂತಲೂ ಹೇಳಬಹುದು. ಈ ಆಜ್ಞೆಯ ಸಂಖ್ಯೆ ಹೆಕ್ಸಿನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, 60. ಅದರ ಜೊತೆ 11 ಕಳಿಸಿದರೆ ಮೊದಲ ಎಚ್‌ಡಿಎಂಐ, 0ಎಫ್ ಕಳಿಸಿದರೆ ಮೊದಲ ಡಿಸ್‌ಪ್ಲೇಪೋರ್ಟ್. ಲಿನಕ್ಸಿನಲ್ಲಿ ಡಿಡಿಸಿಯುಟಿಲ್ ಅನ್ನುವ ಸಾಧನ ಈ ಕೆಲಸ ಮಾಡುತ್ತದೆ. ವಿಂಡೋಸಿನಲ್ಲಿ ಕಂಟ್ರೋಲ್ ಮೈ ಮಾನಿಟರ್ ಇದೆ. ಮ್ಯಾಕಿಗೆ ಬೆಟರ್‌ಡಿಸ್‌ಪ್ಲೇ ಇದೆ. ಇನ್ನೂ ಚೆಂದದ್ದು ಡಿಸ್‌ಪ್ಲೇ ಸ್ವಿಚ್ ಅನ್ನುವ ಮುಕ್ತ ತಂತ್ರಾಂಶ. ಅದು ಯುಎಸ್‌ಬಿಯನ್ನು ಕಾಯುತ್ತಾ ಕೂತಿರುತ್ತದೆ. ನೀವು ಸ್ವಿಚ್ ಒತ್ತಿ ಕೀಬೋರ್ಡ್ ಈ ಕಡೆ ಬಂದಿದ್ದು ಕಂಡ ಕೂಡಲೇ, ಈ ಕಡೆಗೆ ತಿರುಗು ಅಂತ ಮಾನಿಟರಿಗೆ ಹೇಳುತ್ತದೆ. ಒಂದೇ ಗುಂಡಿ, ಎಲ್ಲ ಒಟ್ಟಿಗೆ ಬದಲಾಗುತ್ತದೆ. ಪರದೆಯ ತಂತಿ ಮಾತ್ರ ಯಾವ ಡಬ್ಬಿಯನ್ನೂ ಮುಟ್ಟಿಲ್ಲ.

ಎಲ್ಲ ಮಾನಿಟರೂ ಇದಕ್ಕೆ ಒಗ್ಗುವುದಿಲ್ಲ. ಕೆಲವಕ್ಕೆ ಸಂಖ್ಯೆಗಳೇ ಬೇರೆ. ಇನ್ನು ಕೆಲವು, ಅದರಲ್ಲೂ ಡಿಸ್‌ಪ್ಲೇಪೋರ್ಟಿನಲ್ಲಿ, ಇನ್‌ಪುಟ್ ಬದಲಾದ ಕೂಡಲೇ ಹಳೇ ಕಂಪ್ಯೂಟರಿನಿಂದ ಕಳಚಿಕೊಂಡುಬಿಡುತ್ತವೆ. ಆಗ ಕಿಟಕಿಗಳು ಜಾಗ ಬದಲಿಸುವ ಕಾಟ ಇಲ್ಲೂ ಬರುತ್ತದೆ. ಹೊಸ ಮಾನಿಟರನ್ನೇ ಕೊಳ್ಳುವವರಿದ್ದರೆ ಒಳಗೇ ಕೆವಿಎಂ ಇರುವ ಮಾದರಿ ನೋಡಿ. ಲ್ಯಾಪ್‌ಟಾಪಿಗೆ ಒಂದು ಯುಎಸ್‌ಬಿ ಸಿ ತಂತಿ ಹಾಕಿದರೆ ಚಿತ್ರ, ಚಾರ್ಜ್, ಕೀಬೋರ್ಡ್ ಮೂರೂ ಅದರಲ್ಲೇ. ಡೆಸ್ಕ್‌ಟಾಪಿಗೆ ಒಂದು ಎಚ್‌ಡಿಎಂಐ, ಒಂದು ಯುಎಸ್‌ಬಿ. ಕೀಬೋರ್ಡ್ ಮಾನಿಟರಿಗೇ ಚುಚ್ಚಿರುತ್ತದೆ.

ಇನ್ನು ಎರಡೂ ಪರದೆ ಒಟ್ಟಿಗೆ ಕಾಣುತ್ತಾ ಇರಬೇಕು, ಕೀಬೋರ್ಡ್ ಮೌಸ್ ಮಾತ್ರ ಒಂದೇ ಇರಲಿ ಅನ್ನುವವರಿಗೆ ಡಬ್ಬಿಯೂ ಬೇಡ, ಗುಂಡಿಯೂ ಬೇಡ, ಒಂದು ತಂತ್ರಾಂಶ ಸಾಕು. ಮೌಸ್ ಬಾಣವನ್ನು ಪರದೆಯ ಅಂಚಿಗೆ ತಳ್ಳಿದರೆ ಪಕ್ಕದ ಕಂಪ್ಯೂಟರಿಗೆ ದಾಟಿ ಹೋಗುತ್ತದೆ. ಎಲ್ಲ ನೆಟ್‌ವರ್ಕಿನ ಮೇಲೆ. ಮೊದಲ ಸಲ ನೋಡಿದವರಿಗೆ ನಂಬೋಕೇ ಆಗಲ್ಲ. ಆದರೆ ಯೋಚನೆ ಹಳೆಯದು. 1990ರ ದಶಕದಲ್ಲೇ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿ ಎಕ್ಸ್2ಎಕ್ಸ್ ಅಂತ ಒಂದು ಪ್ರೋಗ್ರಾಂ ಇತ್ತು. 2001ರಲ್ಲಿ ಸಿನರ್ಜಿ ಬಂತು. ಅದೇ ಕೋಡಿನಿಂದ ಬ್ಯಾರಿಯರ್, ಅದರಿಂದ ಇನ್‌ಪುಟ್ ಲೀಪ್ ಹುಟ್ಟಿದವು. ಈಗ ಸಿನರ್ಜಿಯ ಮುಕ್ತ ರೂಪಕ್ಕೆ ಡೆಸ್ಕ್‌ಫ್ಲೋ ಅಂತ ಹೆಸರು. ಹೊಸದಾಗಿ ಶುರು ಮಾಡುವವರು ಡೆಸ್ಕ್‌ಫ್ಲೋ ನೋಡಿ. ಬರೀ ವಿಂಡೋಸ್ ಇದ್ದರೆ ಮೌಸ್ ವಿದೌಟ್ ಬಾರ್ಡರ್ಸ್ ಸಾಕು. 2011ರಲ್ಲಿ ಮೈಕ್ರೋಸಾಫ್ಟಿನ ಗ್ಯಾರೇಜ್ ಅನ್ನುವ ಪ್ರಯೋಗ ವಿಭಾಗದಿಂದ ಬಂದದ್ದು, ನಾಲ್ಕು ಕಂಪ್ಯೂಟರ್ ತನಕ ನಡೆಯುತ್ತದೆ. 2023ರಿಂದ ಪವರ್‌ಟಾಯ್ಸ್ ಜೊತೆ ಉಚಿತವಾಗಿ ಸಿಗುತ್ತದೆ. ಆಪಲ್‌ನವರು 2022ರಲ್ಲಿ ಯೂನಿವರ್ಸಲ್ ಕಂಟ್ರೋಲ್ ಕೊಟ್ಟರು. ಮ್ಯಾಕ್ ಮತ್ತು ಐಪ್ಯಾಡ್ ಒಂದೇ ಆಪಲ್ ಖಾತೆಯಲ್ಲಿದ್ದು ಹತ್ತಿರ ಇದ್ದರೆ ಆಯಿತು.

ಇವಕ್ಕೂ ಮಿತಿ ಇದೆ. ಕಂಪ್ಯೂಟರ್ ಪೂರ್ತಿ ಎದ್ದು ನೆಟ್‌ವರ್ಕ್ ಹಿಡಿಯುವ ತನಕ ಇವು ಇಲ್ಲ. ಕಂಪ್ಯೂಟರ್ ಏಳುವಾಗಲೇ ಬರುವ ಬಯೋಸ್ ಸೆಟ್ಟಿಂಗಿನ ಒಳಗೆ ಹೋಗಬೇಕಾದರೆ, ಡಿಸ್ಕ್ ಪಾಸ್‌ವರ್ಡ್ ಹಾಕಬೇಕಾದರೆ, ನಿಜವಾದ ಕೀಬೋರ್ಡೇ ಬೇಕು. ಒಂದು ಹಳೇ ಕೀಬೋರ್ಡನ್ನು ಬೀರುವಿನಲ್ಲಿ ಇಟ್ಟಿರಿ. ಲಿನಕ್ಸಿನಲ್ಲಿ ಇನ್ನೊಂದು ಸಂಗತಿ. ಅಲ್ಲಿ ಪರದೆಯನ್ನೂ ಕೀಬೋರ್ಡನ್ನೂ ನೋಡಿಕೊಳ್ಳುವ ಹಳೇ ವ್ಯವಸ್ಥೆಯಾದ ಎಕ್ಸ್11ರಲ್ಲಿ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಹೋಗುವ ಕೀಗಳನ್ನು ಸುಮ್ನೆ ಕದ್ದು ನೋಡಬಹುದಿತ್ತು. ಸಿನರ್ಜಿ ಥರದವು ಅದನ್ನೇ ನೆಚ್ಚಿಕೊಂಡಿದ್ದವು. ಅದರ ಜಾಗಕ್ಕೆ ಬಂದ ವೇಲ್ಯಾಂಡ್ ಆ ದಾರಿ ಮುಚ್ಚಿತು, ಒಳ್ಳೆಯದನ್ನೇ ಮಾಡಿತು. ಆದರೆ ಈ ತಂತ್ರಾಂಶಗಳು ಬಹಳ ಕಾಲ ಅಲ್ಲಿ ನಡೆಯದೇ ಹೋದವು. ಲಿಬ್‌ಇಐ ಅನ್ನುವ ಹೊಸ ವ್ಯವಸ್ಥೆ 2023ರಲ್ಲಿ 1.0 ಆದಮೇಲೆ ದಾರಿ ಮತ್ತೆ ತೆರೆಯುತ್ತಿದೆ. ಈಗ ಬಳಸುವವರ ಒಪ್ಪಿಗೆ ಕೇಳಿಯೇ ಒಳಗೆ ಬಿಡುತ್ತದೆ.

ಈಗ ಆ ಡಿ ಕೀಗೆ ವಾಪಸ್ ಬರೋಣ, ಯಾಕೆಂದರೆ ಇದು ಕನ್ನಡದಲ್ಲಿ ಬರೆಯುವ ನಮಗೇ ತಟ್ಟುವ ವಿಷಯ. ಯುಎಸ್‌ಬಿ ಸ್ವಿಚ್ ಆದರೆ ಬರೀ ಕೀ ನಂಬರ್ ಹೋಗುತ್ತದೆ. ಹೋದ ಕಡೆ ಯಾವ ವಿನ್ಯಾಸ ಇದೆಯೋ ಆ ಅಕ್ಷರ ಬರುತ್ತದೆ. ಏನೂ ಗೊಂದಲ ಇಲ್ಲ. ಸಿನರ್ಜಿ ಮನೆತನದವು ಹಾಗಲ್ಲ. ಕೀಬೋರ್ಡ್ ಚುಚ್ಚಿರುವ ಕಂಪ್ಯೂಟರಿನಲ್ಲೇ ಅಕ್ಷರ ಯಾವುದು ಅಂತ ತೀರ್ಮಾನಿಸಿ, ಆ ಅಕ್ಷರವನ್ನು ಆಚೆಗೆ ಕಳಿಸುತ್ತವೆ. ಆಚೆಯ ಯಂತ್ರ ಆ ಅಕ್ಷರ ಕೊಡುವ ಕೀ ತನ್ನಲ್ಲಿ ಎಲ್ಲಿದೆ ಅಂತ ಹುಡುಕುತ್ತದೆ. ಈಚೆ ಕನ್ನಡ ವಿನ್ಯಾಸ ಇದ್ದು 'ದ' ಹೋಯಿತು ಅನ್ನಿ. ಆಚೆ ಇಂಗ್ಲಿಷ್ ಇದ್ದರೆ ಅಂಥ ಕೀಯೇ ಇಲ್ಲ. ಅಕ್ಷರ ನುಂಗಿ ಹೋಗುತ್ತದೆ, ಇಲ್ಲಾ ಬೇರೇನೋ ಮೂಡುತ್ತದೆ. ಅದಕ್ಕೆ ಒಂದು ನಿಯಮ ಇಟ್ಟುಕೊಳ್ಳಿ: ಕೀಬೋರ್ಡ್ ಚುಚ್ಚಿರುವ ಯಂತ್ರವನ್ನು ಇಂಗ್ಲಿಷಿನಲ್ಲಿ ಬಿಡಿ, ದಾಟಿ ಹೋದಮೇಲೆ ಅಲ್ಲಿ ಕನ್ನಡಕ್ಕೆ ಬದಲಿಸಿ.

ಇನ್ನೊಂದು. ಬಹಳಷ್ಟು ಕೆವಿಎಂ ಡಬ್ಬಿಗಳಲ್ಲಿ ಸ್ಕ್ರಾಲ್ ಲಾಕ್ ಎರಡು ಸಲ ಒತ್ತಿದರೆ ಕಂಪ್ಯೂಟರ್ ಬದಲಾಗುತ್ತದೆ. ಆ ಕೀಯನ್ನು ಯಾರೂ ಬಳಸುವುದಿಲ್ಲ ಅನ್ನುವ ಲೆಕ್ಕ ಅವರದ್ದು. ನಮ್ಮಲ್ಲಿ ನುಡಿ ಬಳಸುವವರು ಕನ್ನಡಕ್ಕೂ ಇಂಗ್ಲಿಷಿಗೂ ಹೋಗಿ ಬರೋದು ಅದೇ ಸ್ಕ್ರಾಲ್ ಲಾಕಿನಿಂದ! ಬೇಗ ಬೇಗ ಎರಡು ಸಲ ಒತ್ತಿದರೆ ಮುಗಿಯಿತು. ಕೊಳ್ಳುವಾಗ ಈ ಕೀಯನ್ನು ಕಂಟ್ರೋಲಿಗೋ ಇನ್ನಾವುದಕ್ಕೋ ಬದಲಿಸಲು ಬರುತ್ತದೆಯಾ ಅಂತ ಕೇಳಿ.

ಕೊನೆಗೆ ಆಫೀಸಿನ ಲ್ಯಾಪ್‌ಟಾಪ್. ಇದನ್ನು ಹಗುರವಾಗಿ ತಗೋಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಿಮ್ಮ ಕೀಬೋರ್ಡಿನ ದಾರಿಯಲ್ಲಿ ಯಾರು ಕೂತಿರುತ್ತಾರೋ ಅವರಿಗೆ ನಿಮ್ಮ ಎಲ್ಲ ಪಾಸ್‌ವರ್ಡೂ ಗೊತ್ತಾಗುತ್ತದೆ. ಸಿನರ್ಜಿಯ ಮೊದಲ ಆವೃತ್ತಿಗಳಲ್ಲಿ ಒತ್ತಿದ್ದೆಲ್ಲ ನೆಟ್‌ವರ್ಕಿನಲ್ಲಿ ಬಟಾಬಯಲಾಗಿ ಹೋಗುತ್ತಿತ್ತು. ಈಗ ಟಿಎಲ್‌ಎಸ್ ಅನ್ನುವ ಗೂಢಲಿಪಿ ರಕ್ಷಣೆ ಇದೆ, ಅದನ್ನು ಯಾವತ್ತೂ ಆಫ್ ಮಾಡಬೇಡಿ. ಇಷ್ಟಾದರೂ ಆಫೀಸಿನ ಯಂತ್ರದಲ್ಲಿ ಅನುಮತಿ ಇಲ್ಲದೆ ಇಂಥದ್ದನ್ನು ಹಾಕಲೇಬೇಡಿ. ಯುಎಸ್‌ಬಿ ಸ್ವಿಚ್ ಆದರೆ ಯಾವ ತಂತ್ರಾಂಶವೂ ಬೇಡ. ಲ್ಯಾಪ್‌ಟಾಪಿಗೆ ಅದು ಬರೀ ಇನ್ನೊಂದು ಕೀಬೋರ್ಡ್.

ಗುಟ್ಟಿನ ಜಾಲಗಳಲ್ಲಿ ಕೆಲಸ ಮಾಡುವವರು ಇದನ್ನು ಎಷ್ಟು ಗಂಭೀರವಾಗಿ ತಗೊಳ್ಳುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ. ಕ್ಯಾಪ್ಸ್ ಲಾಕ್ ದೀಪವನ್ನು ಉರಿಸುವುದು ಕೀಬೋರ್ಡ್ ಅಲ್ಲ, ಕಂಪ್ಯೂಟರ್. ಅಂದರೆ ಕಂಪ್ಯೂಟರಿನಿಂದ ಕೀಬೋರ್ಡಿಗೂ ಮಾಹಿತಿ ಹೋಗುವ ಒಂದು ದಾರಿ ಇದೆ. ಒಂದು ಯಂತ್ರದಲ್ಲಿ ಸೇರಿಕೊಂಡ ಕಳ್ಳ ಪ್ರೋಗ್ರಾಂ ಆ ದಾರಿಯಲ್ಲಿ ಚೂರು ಚೂರೇ ಮಾಹಿತಿಯನ್ನು ಕೀಬೋರ್ಡಿನೊಳಗೆ ತುಂಬಿ, ಸ್ವಿಚ್ ಆದಮೇಲೆ ಇನ್ನೊಂದು ಯಂತ್ರದಲ್ಲಿ ಇಳಿಸಬಹುದು. ಹಾಗಾಗಿ ಅಮೆರಿಕದ ಎನ್‌ಐಎಪಿ ಅನ್ನುವ ಸರ್ಕಾರಿ ಭದ್ರತಾ ಕಾರ್ಯಕ್ರಮದ ಮಾನದಂಡದ ಸುರಕ್ಷಿತ ಕೆವಿಎಂಗಳಲ್ಲಿ ಕೀಬೋರ್ಡಿನ ಮಾಹಿತಿ ಒಂದೇ ದಿಕ್ಕಿಗೆ ಹರಿಯುವ ಹಾಗೆ ಯಂತ್ರಾಂಶದಲ್ಲೇ ತಡೆ ಹಾಕಿರುತ್ತಾರೆ. ಕ್ಯಾಪ್ಸ್ ಲಾಕ್ ದೀಪ ಉರಿಯುವುದೇ ಇಲ್ಲ.

ಪಿಕೆವಿಎಂ ಥರದ, ಇಂಟರ್‌ನೆಟ್ ಮೂಲಕ ದೂರದಿಂದ ಬಳಸುವ ಕೆವಿಎಂಗಳೂ ಈಗ ಅಗ್ಗವಾಗಿವೆ. ದೂರದ ಸರ್ವರಿನ ಬಯೋಸನ್ನೂ ಮನೆಯಲ್ಲಿ ಕೂತು ತೆರೆಯಬಹುದು, ತುಂಬಾ ಉಪಯುಕ್ತ. ಆದರೆ 2025ರ ಜೂನಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಹೇಳಿದ ವಿಷಯ ಕೇಳಿ. ಉತ್ತರ ಕೊರಿಯಾದವರು ಸುಳ್ಳು ಗುರುತು ಕೊಟ್ಟು ಅಮೆರಿಕದ ಕಂಪನಿಗಳಲ್ಲಿ ದೂರದಿಂದ ಕೆಲಸ ಮಾಡುತ್ತಿದ್ದರು. ಅಲ್ಲಿನ ಮನೆಗಳಲ್ಲಿ ಇಟ್ಟ ಆಫೀಸ್ ಲ್ಯಾಪ್‌ಟಾಪುಗಳಿಗೆ ಕೆವಿಎಂ ಜೋಡಿಸಿಕೊಂಡಿದ್ದರು. ಇದಾದಮೇಲೆ ನಿಮ್ಮ ಲ್ಯಾಪ್‌ಟಾಪಿಗೆ ಅಂಥದ್ದೊಂದು ಚುಚ್ಚಿದರೆ ಆಫೀಸಿನ ಭದ್ರತಾ ವಿಭಾಗದಿಂದ ಫೋನ್ ಬಂದರೆ ಆಶ್ಚರ್ಯ ಇಲ್ಲ. ಮೊದಲೇ ಕೇಳಿಕೊಳ್ಳಿ.

ಮಾತು ಮುಗಿದಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು.

"ಸರ್, ನನ್ನ ಗೇಮಿಂಗ್ ಕೀಬೋರ್ಡ್ ಕೆವಿಎಂನಲ್ಲಿ ಕೆಲಸವೇ ಮಾಡಲ್ಲ. ನೇರ ಹಾಕಿದರೆ ಸರಿ ಇದೆ."

ಡಬ್ಬಿಯ 'ಕೀಬೋರ್ಡ್' ಅಂತ ಗುರುತು ಇರುವ ಪೋರ್ಟಿಗೆ ಹಾಕಿರುತ್ತೀರಿ. ಎಷ್ಟೋ ಡಬ್ಬಿಗಳಲ್ಲಿ ಆ ಪೋರ್ಟಿಗೆ ಆಗಲೇ ಹೇಳಿದ ಎಂಟು ಬೈಟಿನ ಸಾದಾ ಭಾಷೆ ಮಾತ್ರ ಬರುತ್ತದೆ. ಗೇಮಿಂಗ್ ಕೀಬೋರ್ಡುಗಳು ಅದಕ್ಕಿಂತ ಜಾಸ್ತಿ ಮಾತಾಡುತ್ತವೆ. ಅದೇ ಡಬ್ಬಿಯಲ್ಲಿ ಸಾದಾ ಯುಎಸ್‌ಬಿ ಪೋರ್ಟ್ ಇದ್ದರೆ ಅದಕ್ಕೆ ಹಾಕಿ ನೋಡಿ. ಶಾರ್ಟ್‌ಕಟ್ ಕೀ ಹೋಗುತ್ತದೆ, ಗುಂಡಿ ಒತ್ತಿ ಬದಲಿಸಬೇಕು. ಆದರೆ ಕೀಬೋರ್ಡಂತೂ ನಡೆಯುತ್ತದೆ.

"ಬ್ಲೂಟೂತ್ ಕೀಬೋರ್ಡಿನಲ್ಲಿ 1, 2, 3 ಅಂತ ಗುಂಡಿ ಇರುತ್ತಲ್ಲ, ಅದೇ ಸಾಕಲ್ವಾ?"

ತುಂಬಾ ಜನರಿಗೆ ಸಾಕು. ಮೌಸಿನಲ್ಲೂ ಬೇರೆ ಗುಂಡಿ ಒತ್ತಬೇಕು, ಅದೊಂದು ಕಿರಿಕಿರಿ. ಬಯೋಸಿನಲ್ಲಿ ಸಾಮಾನ್ಯವಾಗಿ ಬ್ಲೂಟೂತ್ ನಡೆಯಲ್ಲ.

"ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮದು ತಿರುಗುಮುರುಗು ಸಮಸ್ಯೆ. ಮಾನಿಟರ್, ಕೀಬೋರ್ಡ್ ಬೇಕಾದಷ್ಟಿವೆ, ಕೆಲಸ ಮಾಡುವ ಕಂಪ್ಯೂಟರೇ ಕಡಿಮೆ. ಒಂದೇ ಯಂತ್ರದಲ್ಲಿ ಇಬ್ಬರು ಮಕ್ಕಳು ಕೂರಬಹುದಾ?"

ಕೂರಬಹುದು ಮೇಡಂ. ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಇರುವ ಸಿಸ್ಟಂಡಿ ಅನ್ನುವ ಮೂಲ ತಂತ್ರಾಂಶಕ್ಕೆ ಇದು ಗೊತ್ತು. ಮಲ್ಟಿಸೀಟ್ ಅನ್ನುತ್ತಾರೆ. ಪ್ರತಿ ಸೀಟಿಗೂ ಅದರದ್ದೇ ಗ್ರಾಫಿಕ್ಸ್ ಕಾರ್ಡ್ ಬೇಕು, ಒಂದೇ ಕಾರ್ಡಿನ ಎರಡು ಪೋರ್ಟ್ ಸಾಲದು. ಹಳೇ ಡೆಸ್ಕ್‌ಟಾಪಿಗೆ ಇನ್ನೊಂದು ಹಳೇ ಕಾರ್ಡ್ ಹಾಕಿ. ಎರಡನೇ ಮಗುವಿನ ಕಡೆಗೆ ಒಂದು ಯುಎಸ್‌ಬಿ ಹಬ್ ಕೊಡಿ. ಲಾಗಿನ್‌ಸಿಟಿಎಲ್ ಅನ್ನುವ ಆಜ್ಞೆಯಲ್ಲಿ ಆ ಕಾರ್ಡನ್ನೂ ಹಬ್ಬನ್ನೂ ಹೊಸ ಸೀಟಿಗೆ ಸೇರಿಸಿ. ಹಬ್ ಸೇರಿಸಿದರೆ ಸಾಕು, ಅದಕ್ಕೆ ಚುಚ್ಚಿದ ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಎಲ್ಲ ಆ ಸೀಟಿಗೇ ಹೋಗುತ್ತವೆ.